ನಾಟಕದ ಆಕರಗ್ರಂಥಗಳು: ಕರ್ತೃ, ಕೃತಿ ಮತ್ತು ಪ್ರಯೋಗ

1. ಪ್ರವೇಶ

ಆಕರಗ್ರಂಥಗಳನ್ನು ಆದ್ಯಂತವಾಗಿ ಓದುವವರಿಗಿಂತ ಬೇಕಾದಾಗ ತೆರೆದು ನೋಡುವವರೇ ಹೆಚ್ಚು. ಒಂದು ಹೆಸರು, ಒಂದು ಇಸವಿ, ಒಂದು ಕೃತಿಯ ವಿವರ ಬೇಕೆನಿಸಿದಾಗ ಸಂಶೋಧಕನು ಕೋಶವನ್ನು ತೆರೆಯುತ್ತಾನೆ. ಅದು ದೊರೆತೊಡನೆ ಮುಚ್ಚುತ್ತಾನೆ. ಈ ಬಳಕೆಯ ಕ್ರಮದಿಂದಾಗಿಯೇ ಕೋಶವೆಂಬುದು ನಿಷ್ಪಕ್ಷಪಾತವಾದ ಮಾಹಿತಿಯ ಉಗ್ರಾಣವೆಂಬ ಭಾವನೆ ನೆಲೆಯೂರಿದೆ. ಕಾವ್ಯ, ಕಾದಂಬರಿ, ನಾಟಕಗಳನ್ನು ಪರಿಶೀಲಿಸುವ ವಿಮರ್ಶೆಯು ಅವುಗಳನ್ನು ಕುರಿತ ಕೋಶಗಳನ್ನು ಅದೇ ಎಚ್ಚರದಿಂದ ಪರಿಶೀಲಿಸಿರುವುದು ವಿರಳ. ಆದರೆ ಯಾವುದಕ್ಕೆ ಪ್ರತ್ಯೇಕ ನಮೂದು ಕೊಡಬೇಕು, ಯಾವುದನ್ನು ಇನ್ನೊಂದರೊಳಗೆ ಅಡಗಿಸಬೇಕು, ಯಾವುದನ್ನು ಬಿಡಬೇಕು ಎಂಬ ಸಂಪಾದಕರ ತೀರ್ಮಾನಗಳೆಲ್ಲವೂ ಮೌಲ್ಯನಿರ್ಣಯಗಳೇ ಆಗಿರುತ್ತವೆ. ವಿಮರ್ಶಕನ ನಿರ್ಣಯವನ್ನು ಓದುಗನು ಪ್ರಶ್ನಿಸುತ್ತಾನೆ. ಕೋಶದ ನಿರ್ಣಯವನ್ನು ಮಾಹಿತಿಯೆಂದೇ ಸ್ವೀಕರಿಸುತ್ತಾನೆ. ಆದ್ದರಿಂದ ಕೋಶದ ಪ್ರಭಾವ ಹೆಚ್ಚು ಆಳವಾದುದು.

ನಾಟಕದ ವಿಷಯದಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೊಡಕೊಂದಿದೆ. ಕಾವ್ಯದ ಅಸ್ತಿತ್ವ ಅದರ ಪಠ್ಯದಲ್ಲಿದೆ. ಕವಿಯ ಹೆಸರು, ಕಾಲ, ಕೃತಿಯ ಹೆಸರು ಇಷ್ಟನ್ನು ದಾಖಲಿಸಿದರೆ ಕಾವ್ಯವನ್ನು ಕುರಿತ ಉಲ್ಲೇಖದ ಮುಖ್ಯಭಾಗ ಮುಗಿಯುತ್ತದೆ. ನಾಟಕಕ್ಕಾದರೋ ಎರಡು ಬಗೆಯ ಅಸ್ತಿತ್ವ: ಒಂದು ಬರೆದಿಟ್ಟ ಕೃತಿ, ಇನ್ನೊಂದು ರಂಗದ ಮೇಲಿನ ಪ್ರಯೋಗ. ಮೊದಲನೆಯದು ಉಳಿಯುತ್ತದೆ, ಎರಡನೆಯದು ಆಯಾ ದಿನದಂದೇ ಮುಗಿಯುತ್ತದೆ. ನಾಟಕವನ್ನು ಕುರಿತ ಕೋಶವು ಇವೆರಡರಲ್ಲಿ ಯಾವುದನ್ನು ತನ್ನ ಮೂಲಘಟಕವಾಗಿ ಇಟ್ಟುಕೊಳ್ಳುತ್ತದೆ ಎಂಬುದರ ಮೇಲೆ ಅದರಲ್ಲಿ ಯಾರಿಗೆ ಸ್ಥಾನ ದೊರೆಯುತ್ತದೆ, ಯಾರಿಗೆ ದೊರೆಯುವುದಿಲ್ಲ ಎಂಬುದು ನಿರ್ಧಾರವಾಗುತ್ತದೆ. ಜಗತ್ತಿನ ಕೆಲವು ಪ್ರಮುಖ ಆಕರಗ್ರಂಥಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿ, ಕನ್ನಡ ರಂಗಭೂಮಿಗೆ ಬೇಕಾದ ಆಕರಗ್ರಂಥದ ಸ್ವರೂಪವನ್ನು ಚರ್ಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಅಥೆನ್ಸಿನ ದಾಖಲೆಗಳು

ಪ್ರಯೋಗವನ್ನು ಘಟಕವಾಗಿಟ್ಟುಕೊಂಡ ಅತ್ಯಂತ ಪ್ರಾಚೀನ ಮಾದರಿ ಗ್ರೀಸಿನದು. ಅಥೆನ್ಸಿನಲ್ಲಿ ನಾಟಕವು ಡಯೋನಿಸಸ್ ದೇವತೆಯ ಉತ್ಸವದಲ್ಲಿ ಸ್ಪರ್ಧೆಯಾಗಿ ನಡೆಯುತ್ತಿತ್ತು. ಆ ಸ್ಪರ್ಧೆ ನಗರದ ಆಡಳಿತಕ್ಕೆ ಸೇರಿದ ವ್ಯವಹಾರವಾದುದರಿಂದ ಅದಕ್ಕೆ ದಾಖಲೆಗಳಿದ್ದುವು. ಅಂಥ ದಾಖಲೆಗಳನ್ನು ಆಧರಿಸಿ ಅರಿಸ್ಟಾಟಲ್ ‘ಡಿಡಾಸ್ಕಾಲಿಯೈ’ ಎಂಬ ಸಂಕಲನವನ್ನು ಸಿದ್ಧಪಡಿಸಿದ್ದನು. ಕಾವ್ಯಮೀಮಾಂಸೆಯ ಕರ್ತೃವಾಗಿ ಪ್ರಸಿದ್ಧನಾದ ಅರಿಸ್ಟಾಟಲನು ಪ್ರದರ್ಶನಗಳ ಸೂಚಿಕಾರನೂ ಆಗಿದ್ದನೆಂಬುದು ಸಾಮಾನ್ಯವಾಗಿ ಗಮನಕ್ಕೆ ಬಾರದ ಸಂಗತಿ. ಆ ಸಂಕಲನ ಉಳಿದು ಬಂದಿಲ್ಲ. ಆದರೆ ಅದೇ ಬಗೆಯ ವಿವರಗಳುಳ್ಳ ಶಿಲಾಶಾಸನಗಳ ತುಣುಕುಗಳು ಅಥೆನ್ಸಿನಲ್ಲಿ ದೊರೆತಿವೆ. ಇದಲ್ಲದೆ, ಹಸ್ತಪ್ರತಿಗಳಲ್ಲಿ ಗ್ರೀಕ್ ನಾಟಕಗಳ ಮೊದಲಿಗೆ ಸೇರಿಸಿರುವ ಪೀಠಿಕಾಟಿಪ್ಪಣಿಗಳಲ್ಲಿಯೂ ಈ ಮಾಹಿತಿ ಅಲ್ಲಲ್ಲಿ ಉಳಿದಿದೆ.

ಯೂರಿಪಿಡೀಸನ ‘ಮೀಡಿಯಾ’ ನಾಟಕವು ಕ್ರಿ.ಪೂ. 431ರ ಸ್ಪರ್ಧೆಯಲ್ಲಿ ಪ್ರದರ್ಶನಗೊಂಡಿತೆಂದೂ, ಅಂದು ಈಸ್ಕಿಲಸನ ಮಗ ಯೂಫೋರಿಯನ್ ಮೊದಲನೆಯವನಾಗಿ, ಸೊಫೋಕ್ಲಿಸ್ ಎರಡನೆಯವನಾಗಿ, ಯೂರಿಪಿಡೀಸ್ ಮೂರನೆಯವನಾಗಿ ನಿಂತರೆಂದೂ ತಿಳಿದುಬರುವುದು ಅಂಥ ಟಿಪ್ಪಣಿಯಿಂದಲೇ. ಇಂದು ಜಗತ್ತಿನ ಶ್ರೇಷ್ಠ ದುರಂತನಾಟಕಗಳಲ್ಲಿ ಒಂದೆಂದು ಪರಿಗಣಿತವಾಗಿರುವ ಕೃತಿಯನ್ನು ಒಳಗೊಂಡ ನಾಟಕಗುಚ್ಛ ಅಂದು ಕಡೆಯ ಸ್ಥಾನ ಪಡೆಯಿತು. ಮೊದಲ ಸ್ಥಾನ ಪಡೆದವನ ನಾಟಕಗಳು ಉಳಿಯಲಿಲ್ಲ. ಪಠ್ಯವನ್ನು ಮಾತ್ರ ನೋಡುವವನಿಗೆ ಈ ವೈರುದ್ಧ್ಯವೇ ಕಾಣುವುದಿಲ್ಲ.

ಈಸ್ಕಿಲಸನ ‘ಪರ್ಷಿಯನ್ನರು’ ನಾಟಕದ ವಿಷಯವೂ ಹೀಗೆಯೇ. ಬಿ.ಎಂ. ಶ್ರೀಕಂಠಯ್ಯನವರು ‘ಪಾರಸಿಕರು’ ಎಂಬ ಹೆಸರಿನಲ್ಲಿ ಕನ್ನಡಿಸಿದ ಈ ನಾಟಕ ಕ್ರಿ.ಪೂ. 472ರಲ್ಲಿ ಪ್ರದರ್ಶನಗೊಂಡು ಪ್ರಥಮ ಬಹುಮಾನ ಪಡೆಯಿತು. ಆ ಪ್ರಯೋಗದ ಮೇಳದ ವೆಚ್ಚವನ್ನು ವಹಿಸಿದವನು ತರುಣ ಪೆರಿಕ್ಲಿಸ್. ಮುಂದೆ ಅಥೆನ್ಸಿನ ನಾಯಕನಾದವನು, ಸಲಾಮಿಸ್ ಕದನದ ಎಂಟು ವರ್ಷಗಳ ಬಳಿಕ, ಆ ಕದನವನ್ನೇ ವಸ್ತುವಾಗುಳ್ಳ ನಾಟಕದ ಪೋಷಕನಾಗಿದ್ದನೆಂಬ ವಿವರ ನಾಟಕದ ರಾಜಕೀಯ ಅರ್ಥವನ್ನು ಕುರಿತ ಚರ್ಚೆಗೆ ಎಷ್ಟು ಮುಖ್ಯವೆಂಬುದನ್ನು ವಿವರಿಸಬೇಕಾಗಿಲ್ಲ. ಇದು ಕೃತಿಯೊಳಗೆ ಎಲ್ಲಿಯೂ ಇಲ್ಲ; ಪ್ರಯೋಗದ ದಾಖಲೆಯಲ್ಲಿ ಮಾತ್ರ ಇದೆ.

ಪ್ರಯೋಗದ ದಾಖಲೆಯು ವಿಮರ್ಶೆಯನ್ನೇ ತಿದ್ದಿದ ಪ್ರಸಂಗವೂ ಉಂಟು. ಈಸ್ಕಿಲಸನ ‘ಶರಣಾರ್ಥಿನಿಯರು’ ನಾಟಕದಲ್ಲಿ ಮೇಳಕ್ಕೆ ಅಧಿಕ ಪ್ರಾಧಾನ್ಯವಿದೆ. ಗ್ರೀಕ್ ದುರಂತನಾಟಕವು ಮೇಳಗೀತದಿಂದ ಹುಟ್ಟಿ ಕ್ರಮೇಣ ಸಂವಾದದ ಕಡೆಗೆ ಬೆಳೆಯಿತೆಂಬ ಸಿದ್ಧಾಂತಕ್ಕೆ ಅನುಗುಣವಾಗಿ, ಉಳಿದಿರುವ ಗ್ರೀಕ್ ನಾಟಕಗಳಲ್ಲೆಲ್ಲ ಇದೇ ಪ್ರಾಚೀನವೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಕೈಪಿಡಿಗಳೂ ಹಾಗೆಯೇ ಬರೆದುವು. 1952ರಲ್ಲಿ ಪ್ರಕಟವಾದ, ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಪಪೈರಸ್ ಹಾಳೆಯ ತುಣುಕೊಂದು ಈ ನಂಬಿಕೆಯನ್ನು ಅಲುಗಾಡಿಸಿತು. ಆ ನಾಟಕದ ಗುಚ್ಛಕ್ಕೆ ಈಸ್ಕಿಲಸ್ ಬಹುಮಾನ ಪಡೆದಾಗ ಸೊಫೋಕ್ಲಿಸ್ ಪ್ರತಿಸ್ಪರ್ಧಿಯಾಗಿದ್ದನೆಂದು ಆ ತುಣುಕು ಹೇಳುತ್ತದೆ. ಅಂದಮೇಲೆ ಅದು ಕ್ರಿ.ಪೂ. 460ರ ದಶಕದ, ಅಂದರೆ ‘ಪರ್ಷಿಯನ್ನರು’ ನಾಟಕಕ್ಕಿಂತ ಈಚಿನ ಪ್ರಯೋಗವೆಂದು ತೀರ್ಮಾನಿಸಬೇಕಾಯಿತು. ಶೈಲಿಯ ಆಧಾರದ ಮೇಲೆ ಕಟ್ಟಿದ ವಿಕಾಸವಾದವನ್ನು ಕೆಲವೇ ಸಾಲುಗಳ ಪ್ರದರ್ಶನಸೂಚಿ ಬುಡಮೇಲು ಮಾಡಿತು. ಸೂಚಿಯು ವಿಮರ್ಶೆಯ ಪರಿಚಾರಕನಲ್ಲ, ಅದರ ಪರೀಕ್ಷಕನೂ ಆಗಬಲ್ಲುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

3. ಭಾರತದ ಲಕ್ಷಣಗ್ರಂಥಗಳು

ಭಾರತೀಯ ಪರಂಪರೆಯ ಆಕರಗ್ರಂಥಗಳು ಬೇರೆ ಮಾದರಿಯವು. ಭರತನ ‘ನಾಟ್ಯಶಾಸ್ತ್ರ’ ರಂಗಮಂಟಪದ ಅಳತೆಯಿಂದ ಮೊದಲುಗೊಂಡು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳವರೆಗೆ, ವಾದ್ಯ ಸಂಗೀತಗಳವರೆಗೆ ಎಲ್ಲವನ್ನೂ ಒಳಗೊಂಡ ಮಹಾಕೋಶ. ರಂಗಕಲೆಯನ್ನು ಅಖಂಡವಾಗಿ ನೋಡುವುದರಲ್ಲಿ ಅದಕ್ಕೆ ಸಮನಾದ ಪ್ರಾಚೀನ ಗ್ರಂಥ ದುರ್ಲಭ. ಆದರೆ ಅದರ ಘಟಕ ಲಕ್ಷಣ. ನಾಟಕ ಹೇಗಿರಬೇಕು, ಪಾತ್ರ ಹೇಗೆ ನಡೆಯಬೇಕು, ರಸ ಹೇಗೆ ನಿಷ್ಪನ್ನವಾಗಬೇಕು ಎಂಬುದನ್ನು ಅದು ಹೇಳುತ್ತದೆ. ಯಾವ ಊರಿನಲ್ಲಿ, ಯಾವ ವರ್ಷ, ಯಾರು, ಏನನ್ನು ಆಡಿದರೆಂಬುದನ್ನು ಹೇಳುವುದಿಲ್ಲ. ಅದು ಹೆಸರಿಸುವ ‘ಅಮೃತಮಂಥನ’, ‘ತ್ರಿಪುರದಾಹ’ ಪ್ರಯೋಗಗಳು ದೇವಲೋಕದವು.

ಸಿದ್ಧಿಯನ್ನು ಕುರಿತ ಅಧ್ಯಾಯದಲ್ಲಿ ಭರತನು ಪ್ರಯೋಗದ ಯಶಸ್ಸನ್ನೂ ಅದರ ದೋಷಗಳನ್ನೂ ಗುರುತಿಸಬೇಕಾದ ಪ್ರಾಶ್ನಿಕರ ಯಾದಿಯನ್ನು ಕೊಡುತ್ತಾನೆ. ಯಜ್ಞವಿದ, ನರ್ತಕ, ಛಂದೋವಿದ, ವೈಯಾಕರಣ, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಗಾಯಕ ಮೊದಲಾದವರು ತಮ್ಮ ತಮ್ಮ ಜ್ಞಾನಕ್ಷೇತ್ರಕ್ಕೆ ಸಂಬಂಧಿಸಿದ ಅಂಶಗಳನ್ನು ಪರೀಕ್ಷಿಸಬೇಕು. ಪ್ರಯೋಗವನ್ನು ಇಷ್ಟು ಸೂಕ್ಷ್ಮವಾಗಿ ಅಳೆಯುವ ವ್ಯವಸ್ಥೆಯನ್ನು ಕಲ್ಪಿಸಿದ ಪರಂಪರೆಯಿಂದ, ಅಥೆನ್ಸಿನ ಶಾಸನಗಳಂತೆ ಆ ಅಳತೆಯ ಫಲಿತಾಂಶಗಳನ್ನು ತಿಳಿಸುವ ದಾಖಲೆಗಳು ಉಳಿದು ಬಂದಿಲ್ಲವೆಂಬುದು ಗಮನಾರ್ಹ.

ಆದರೂ ಲಕ್ಷಣಗ್ರಂಥಗಳು ಉದಾಹರಣೆಗಳ ಮೂಲಕ ಬಹಳಷ್ಟನ್ನು ಉಳಿಸಿಕೊಟ್ಟಿವೆ. ಧನಂಜಯನ ‘ದಶರೂಪಕ’, ರಾಮಚಂದ್ರ–ಗುಣಚಂದ್ರರ ‘ನಾಟ್ಯದರ್ಪಣ’, ಸಾಗರನಂದಿಯ ‘ನಾಟಕಲಕ್ಷಣರತ್ನಕೋಶ’ಗಳು ಸಂಧಿ, ಸಂಧ್ಯಂಗ, ವೃತ್ತಿಗಳಿಗೆ ನಿದರ್ಶನ ಕೊಡುವಾಗ ಇಂದು ದೊರೆಯದಿರುವ ನಾಟಕಗಳನ್ನೂ ಉಲ್ಲೇಖಿಸುತ್ತವೆ. ವಿಶಾಖದತ್ತನ ‘ದೇವೀಚಂದ್ರಗುಪ್ತ’ ಹೀಗೆ ತುಣುಕುಗಳಾಗಿ ಉಳಿದ ನಾಟಕ. ‘ನಾಟ್ಯದರ್ಪಣ’ದಲ್ಲಿ ಉದ್ಧೃತವಾದ ಅದರ ಭಾಗಗಳನ್ನು 1923ರಲ್ಲಿ ಫ್ರೆಂಚ್ ವಿದ್ವಾಂಸ ಸಿಲ್ವೇನ್ ಲೆವಿ ಬೆಳಕಿಗೆ ತಂದನು. ರಾಮಗುಪ್ತನೆಂಬ ಅರಸನ ಐತಿಹಾಸಿಕತೆಯನ್ನು ಕುರಿತ ದೀರ್ಘ ಚರ್ಚೆ ಆರಂಭವಾದುದು ಅಲ್ಲಿಂದಲೇ. ವ್ಯಾಕರಣದಂತೆ ಬರೆದ ಕೈಪಿಡಿಯೊಂದು ತನ್ನ ಉದ್ದೇಶವಲ್ಲದಿದ್ದರೂ ಇತಿಹಾಸದ ಆಕರವಾಯಿತು. ಆದರೆ ಹಾಗೆ ಉಳಿದುದು ಲಕ್ಷಣಕ್ಕೆ ಒದಗುವ ವಾಕ್ಯ ಮಾತ್ರ. ಲಕ್ಷಣಕ್ಕೆ ಒದಗದ ಎಲ್ಲವೂ ಕಳೆದುಹೋಯಿತು.

ಇದಕ್ಕೆ ದೊಡ್ಡ ಅಪವಾದ ಕೇರಳದ ಕೂಡಿಯಾಟ್ಟಂ. ಚಾಕ್ಯಾರರ ಮನೆತನಗಳಲ್ಲಿ ಉಳಿದಿರುವ ‘ಆಟ್ಟಪ್ರಕಾರ’ ಮತ್ತು ‘ಕ್ರಮದೀಪಿಕೆ’ಗಳು ಪಾತ್ರಧಾರಿಯು ಯಾವ ಪದ್ಯವನ್ನು ಹೇಗೆ ವಿಸ್ತರಿಸಬೇಕು, ಯಾವ ವೇಷ, ಯಾವ ರಾಗ, ರಂಗದ ಸಿದ್ಧತೆ ಯಾವುದು ಎಂಬುದನ್ನು ದಾಖಲಿಸುತ್ತವೆ. ಟಿ. ಗಣಪತಿಶಾಸ್ತ್ರಿಗಳು ಭಾಸನ ನಾಟಕಗಳೆಂದು 1912ರಿಂದ ತಿರುವನಂತಪುರದಲ್ಲಿ ಪ್ರಕಟಿಸಿದ ಕೃತಿಗಳ ಹಸ್ತಪ್ರತಿಗಳು ಕೇರಳದಲ್ಲಿ ದೊರೆತುದಕ್ಕೂ ಅಲ್ಲಿ ಸಂಸ್ಕೃತ ನಾಟಕದ ಪ್ರಯೋಗ ಜೀವಂತವಾಗಿದ್ದುದಕ್ಕೂ ಇರುವ ಸಂಬಂಧವನ್ನು ವಿದ್ವಾಂಸರು ಗುರುತಿಸಿದ್ದಾರೆ. ಪ್ರಯೋಗವು ಪಠ್ಯವನ್ನು ಕಾಪಾಡಿದ ನಿದರ್ಶನವಿದು.

4. ಚೀನಾ ಮತ್ತು ಜಪಾನ್

ಕರ್ತೃವನ್ನೂ ನಟನಟಿಯರನ್ನೂ ಪ್ರತ್ಯೇಕ ಗ್ರಂಥಗಳಲ್ಲಿ ದಾಖಲಿಸಿದ ಸ್ವಾರಸ್ಯಕರ ಉದಾಹರಣೆ ಚೀನಾದಲ್ಲಿದೆ. ಝೊಂಗ್ ಸಿಚೆಂಗ್ ಎಂಬವನು 1330ರಲ್ಲಿ ‘ಲುಗುಯಿಬು’ ಎಂಬ ಗ್ರಂಥವನ್ನು ರಚಿಸಿದನು. ‘ಪ್ರೇತಗಳ ದಾಖಲೆಪುಸ್ತಕ’ ಎಂದು ಅದರ ಹೆಸರಿಗೆ ಅರ್ಥ. ಯುವಾನ್ ಯುಗದ 150ಕ್ಕೂ ಹೆಚ್ಚು ನಾಟಕಕಾರರನ್ನೂ 400ಕ್ಕೂ ಹೆಚ್ಚು ನಾಟಕಗಳ ಹೆಸರುಗಳನ್ನೂ ಅದು ಪಟ್ಟಿ ಮಾಡುತ್ತದೆ. ದೊಡ್ಡ ಅಧಿಕಾರಸ್ಥಾನಗಳಿಗೆ ಏರದೆ ನಾಟಕ ಬರೆದು ಬಾಳಿದವರ ಹೆಸರು ಅಳಿಯಬಾರದೆಂಬ ಕಾಳಜಿ ಆ ಗ್ರಂಥದ ಮೂಲಪ್ರೇರಣೆ. ಗುವಾನ್ ಹಾನ್‌ಚಿಂಗ್‌ನ ಹೆಸರಿನಲ್ಲಿ 60ಕ್ಕೂ ಹೆಚ್ಚು ನಾಟಕಗಳು ಹೇಳಲ್ಪಟ್ಟಿವೆ. ಉಳಿದಿರುವುವು 20ಕ್ಕಿಂತ ಕಡಿಮೆ. ಇಲ್ಲದ ನಾಟಕಗಳ ಹೆಸರುಗಳಾದರೂ ಉಳಿದಿರುವುದಕ್ಕೆ ಇಂಥ ಸೂಚಿಗಳೇ ಕಾರಣ.

ಅದೇ ಶತಮಾನದ ಮಧ್ಯಭಾಗದಲ್ಲಿ ಶಿಯಾ ತಿಂಗ್‌ಝಿ ಎಂಬವನು ‘ಚಿಂಗ್‌ಲೌ ಜಿ’ ಎಂಬ ಇನ್ನೊಂದು ಗ್ರಂಥವನ್ನು ರಚಿಸಿದನು. ಇದು ನೂರಕ್ಕೂ ಹೆಚ್ಚು ಮಂದಿ ಕಲಾವಿದೆಯರ ಕಿರುಚರಿತ್ರೆಗಳ ಸಂಗ್ರಹ. ಯಾವಾಕೆ ಯಾವ ಬಗೆಯ ಪಾತ್ರಗಳಲ್ಲಿ ಸಮರ್ಥೆ, ಯಾರ ಗಾಯನ ಪ್ರಸಿದ್ಧ ಎಂಬ ವಿವರಗಳು ಇದರಲ್ಲಿವೆ. ‘ಲುಗುಯಿಬು’ ಮಾತ್ರ ಉಳಿದಿದ್ದರೆ ಯುವಾನ್ ರಂಗಭೂಮಿ ಪುರುಷ ಲೇಖಕರ ಸೃಷ್ಟಿಯೆಂದೇ ತೋರುತ್ತಿತ್ತು. ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ಆ ನಾಟಕಗಳನ್ನು ಹಾಡಿ ಆಡಿದ ಸ್ತ್ರೀಯರು ಕಾಣಿಸುತ್ತಾರೆ. ಒಂದೇ ರಂಗಭೂಮಿ, ಒಂದೇ ಕಾಲ. ಘಟಕ ಬದಲಾದೊಡನೆ ಚರಿತ್ರೆಯೂ ಬದಲಾಗುತ್ತದೆ.

ಆಧುನಿಕ ಕಾಲದಲ್ಲಿ ಪಾಶ್ಚಾತ್ಯೇತರ ಭಾಷೆಯೊಂದು ತನ್ನದೇ ರಂಗಕೋಶವನ್ನು ನಿರ್ಮಿಸಿಕೊಂಡ ಮಾದರಿ ಜಪಾನಿನದು. ತ್ಸುಬೌಚಿ ಶೋಯೊ ಶೇಕ್ಸ್‌ಪಿಯರನ ಸಮಗ್ರ ಅನುವಾದವನ್ನು ಪೂರ್ಣಗೊಳಿಸಿದ ಮತ್ತು ಅವರಿಗೆ ಎಪ್ಪತ್ತು ತುಂಬಿದ ಸಂದರ್ಭದಲ್ಲಿ, 1928ರಲ್ಲಿ, ಟೋಕಿಯೋದ ವಸೇದಾ ವಿಶ್ವವಿದ್ಯಾಲಯದಲ್ಲಿ ರಂಗಭೂಮಿ ವಸ್ತುಸಂಗ್ರಹಾಲಯ ಸ್ಥಾಪಿತವಾಯಿತು. ಆ ಸಂಗ್ರಹಾಲಯದ ಸಂಪಾದಕತ್ವದಲ್ಲಿ 1960ರಿಂದ 1962ರವರೆಗೆ ಆರು ಸಂಪುಟಗಳ ರಂಗಭೂಮಿ ವಿಶ್ವಕೋಶ ಹೊರಬಂದಿತು. ಇಲ್ಲಿಯ ಪಾಠ ಸ್ಪಷ್ಟವಾಗಿದೆ: ಮೊದಲು ಸಂಗ್ರಹ, ಅನಂತರ ಕೋಶ. ಚಿತ್ರಪಟ, ಉಡುಪು, ಪ್ರದರ್ಶನಪತ್ರಗಳನ್ನು ಮೂರು ದಶಕಗಳ ಕಾಲ ಕೂಡಿಟ್ಟ ಸಂಸ್ಥೆಗೆ ಮಾತ್ರ ಪ್ರಯೋಗವನ್ನು ಬಲ್ಲ ಕೋಶವನ್ನು ರಚಿಸುವ ಸಾಮರ್ಥ್ಯ ಒದಗುತ್ತದೆ.

5. ಇಪ್ಪತ್ತನೆಯ ಶತಮಾನದ ವಿಶ್ವಕೋಶಗಳು

‘ವಿಶ್ವರಂಗಭೂಮಿ’ ಎಂಬ ಪರಿಕಲ್ಪನೆಯನ್ನು ಗ್ರಂಥಾಲಯಗಳಲ್ಲಿ ಸ್ಥಿರಗೊಳಿಸಿದುದು ಎರಡನೆಯ ಮಹಾಯುದ್ಧದ ಅನಂತರದ ವಿಶ್ವಕೋಶಗಳು. ಫಿಲಿಸ್ ಹಾರ್ಟ್ನಾಲ್ ಸಂಪಾದಿಸಿದ ‘ಆಕ್ಸ್‌ಫರ್ಡ್ ಕಂಪ್ಯಾನಿಯನ್ ಟು ದ ಥಿಯೇಟರ್’ 1951ರಲ್ಲಿ ಪ್ರಕಟವಾಗಿ 1983ರ ಹೊತ್ತಿಗೆ ನಾಲ್ಕು ಆವೃತ್ತಿಗಳನ್ನು ಕಂಡಿತು. ನಾಟಕಸಾಹಿತ್ಯಕ್ಕಿಂತ ನಾಟಕಶಾಲೆಗೆ, ಓದುಗನಿಗಿಂತ ಪ್ರೇಕ್ಷಕನಿಗೆ ಅದು ಒತ್ತು ಕೊಟ್ಟಿತು. ನಟರು, ರಂಗಮಂದಿರಗಳು, ದೀಪ, ದೃಶ್ಯಸಜ್ಜಿಕೆಗಳಿಗೆ ಅಲ್ಲಿ ಸ್ವತಂತ್ರ ನಮೂದುಗಳಿವೆ. ಆದರೆ ಈ ಉದಾರತೆ ಮುಖ್ಯವಾಗಿ ಲಂಡನ್ ಮತ್ತು ನ್ಯೂಯಾರ್ಕ್ ಕೇಂದ್ರಿತವಾದುದು. ಇಂಗ್ಲಿಷ್ ರಂಗಭೂಮಿಯ ನಟನೊಬ್ಬನಿಗೆ ಪ್ರತ್ಯೇಕ ನಮೂದು ದೊರೆಯುವಲ್ಲಿ ಏಷ್ಯಾದ ದೇಶಗಳ ರಂಗಭೂಮಿಗಳಿಗೆ ಸಮಗ್ರ ಲೇಖನಗಳಷ್ಟೇ ಲಭ್ಯವಾದುವು.

ಮ್ಯಾಕ್‌ಗ್ರಾ–ಹಿಲ್ ಸಂಸ್ಥೆ 1972ರಲ್ಲಿ ನಾಲ್ಕು ಸಂಪುಟಗಳಲ್ಲಿ, ಪರಿಷ್ಕರಿಸಿ 1984ರಲ್ಲಿ ಐದು ಸಂಪುಟಗಳಲ್ಲಿ ಪ್ರಕಟಿಸಿದ ವಿಶ್ವನಾಟಕಕೋಶ ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿಯಿತು. ಅದರ ಬೆನ್ನೆಲುಬು ನಾಟಕಕಾರನ ಜೀವನ ಮತ್ತು ನಾಟಕಗಳ ಕಥಾಸಾರ. ನಾಟಕದ ಕಥೆ ತಿಳಿಯಬೇಕಾದ ವಿದ್ಯಾರ್ಥಿಗೆ ಅದು ಉಪಯುಕ್ತವಾದರೂ, ಲೇಖಕನಿಲ್ಲದ ರಂಗಪ್ರಕಾರಗಳು ಅದರ ಅಂಚಿಗೆ ಸರಿಯಬೇಕಾದುದು ಅನಿವಾರ್ಯ.

ಸಿಲ್ವಿಯೊ ದಾಮಿಕೊ ಆರಂಭಿಸಿದ ಇಟಲಿಯ ‘ಎಂಚಿಕ್ಲೊಪೇದಿಯಾ ದೆಲ್ಲೊ ಸ್ಪೆತ್ತಾಕೊಲೊ’ (1954–62) ಒಂಬತ್ತು ಸಂಪುಟಗಳದು. ‘ಪ್ರದರ್ಶನ’ವೆಂಬ ವ್ಯಾಪಕ ಕಲ್ಪನೆಯಡಿ ನಾಟಕ, ಗೀತನಾಟಕ, ನೃತ್ಯ, ಚಲನಚಿತ್ರ, ಸರ್ಕಸ್ಸುಗಳನ್ನು ಅದು ಒಂದೆಡೆ ತಂದಿತು. ಭಾರತೀಯ ದೃಷ್ಟಿಯಿಂದ ನೋಡಿದರೆ ಈ ವರ್ಗೀಕರಣವೇ ಹೆಚ್ಚು ಸಹಜ. ಯಕ್ಷಗಾನವನ್ನು ನಾಟಕವೆಂದೋ ನೃತ್ಯವೆಂದೋ ಸಂಗೀತವೆಂದೋ ಹಂಚಿಹಾಕಲು ಹೊರಟರೆ ಯಕ್ಷಗಾನವೇ ಉಳಿಯುವುದಿಲ್ಲ. ಡೆನಿಸ್ ಕೆನಡಿ ಸಂಪಾದಿಸಿದ ಆಕ್ಸ್‌ಫರ್ಡಿನ ಎರಡು ಸಂಪುಟಗಳ ವಿಶ್ವಕೋಶ (2003) ತನ್ನ ಹೆಸರಿನಲ್ಲಿಯೇ ರಂಗಭೂಮಿಯ ಜತೆಗೆ ‘ಪ್ರದರ್ಶನ’ವನ್ನು ಸೇರಿಸಿಕೊಂಡಿರುವುದು ಈ ಅರಿವು ಇಂಗ್ಲಿಷಿಗೂ ತಲುಪಿದುದರ ಸೂಚನೆ.

ಡಾನ್ ರೂಬಿನ್ ಪ್ರಧಾನ ಸಂಪಾದಕತ್ವದ ‘ಸಮಕಾಲೀನ ರಂಗಭೂಮಿಯ ವಿಶ್ವಕೋಶ’ (1994–2000) 1945ರಿಂದೀಚಿನ ರಂಗಭೂಮಿಯನ್ನು ಯುರೋಪು, ಅಮೆರಿಕಗಳು, ಆಫ್ರಿಕಾ, ಅರಬ್ ಜಗತ್ತು, ಏಷ್ಯಾ–ಪೆಸಿಫಿಕ್ ಎಂದು ಐದು ಸಂಪುಟಗಳಲ್ಲಿ ವಿವರಿಸಿ, ಆರನೆಯದರಲ್ಲಿ ಗ್ರಂಥಸೂಚಿಯನ್ನು ಕೊಟ್ಟಿತು. ಪ್ರತಿ ದೇಶಕ್ಕೂ ಒಂದೇ ಚೌಕಟ್ಟಿನ ಲೇಖನ. ಆಯಾ ದೇಶದ ವಿದ್ವಾಂಸರಿಗೇ ಬರೆಯುವ ಅವಕಾಶ. ಹಿಂದಿನ ಕೋಶಗಳ ಯುರೋಪ್‌ಕೇಂದ್ರಿತತೆಯನ್ನು ಮೀರುವ ಪ್ರಾಮಾಣಿಕ ಪ್ರಯತ್ನವಿದು. ಆದರೆ ಇಲ್ಲಿಯ ಘಟಕ ರಾಷ್ಟ್ರ. ಒಂದೇ ಭಾಷೆಯ ಸಣ್ಣ ದೇಶಕ್ಕೂ ಹತ್ತಾರು ರಂಗಭಾಷೆಗಳ ಭಾರತಕ್ಕೂ ಒಂದೊಂದೇ ಲೇಖನ. ಭಾರತದ ರಂಗಭೂಮಿ ರಾಷ್ಟ್ರದ ಗಡಿಗಿಂತ ಭಾಷೆಯ, ಪ್ರದೇಶದ, ಪಂಥದ ಗಡಿಗಳಲ್ಲಿ ಬೆಳೆದುದರಿಂದ ಈ ಚೌಕಟ್ಟಿನಲ್ಲಿ ಅದು ಸಂಗ್ರಹರೂಪಕ್ಕೆ ಇಳಿಯುತ್ತದೆ. ಆನಂದ ಲಾಲ್ ಸಂಪಾದಿಸಿದ ‘ಆಕ್ಸ್‌ಫರ್ಡ್ ಕಂಪ್ಯಾನಿಯನ್ ಟು ಇಂಡಿಯನ್ ಥಿಯೇಟರ್’ (2004) ಭಾಷೆ, ಪ್ರಕಾರ, ವ್ಯಕ್ತಿಗಳನ್ನು ಅಕಾರಾದಿಯಲ್ಲಿ ಒಟ್ಟಿಗೆ ಜೋಡಿಸಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ಆದರೂ ಒಂದೇ ಸಂಪುಟದ ಮಿತಿಯಲ್ಲಿ ಒಂದು ಭಾಷೆಯ ಪ್ರಯೋಗಗಳ ವಿವರ ಸಾಧ್ಯವಿಲ್ಲ. ಅದು ಆಯಾ ಭಾಷೆಯವರೇ ಮಾಡಬೇಕಾದ ಕೆಲಸ.

6. ಕನ್ನಡದ ಸ್ಥಿತಿ

ಕನ್ನಡದ ಸಾಹಿತ್ಯಕ ಆಕರಗ್ರಂಥಗಳಿಗೆ ಅಡಿಪಾಯ ಹಾಕಿದುದು ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ (1907, 1919, 1929). ಹಸ್ತಪ್ರತಿ ಶಾಸನಗಳನ್ನು ಶೋಧಿಸಿ ಕವಿಯ ಕಾಲ, ಸ್ಥಳ, ಮತ, ಆಶ್ರಯ, ಕೃತಿಗಳನ್ನು ನಿರ್ಣಯಿಸುವ ಅದರ ಕ್ರಮ ಕನ್ನಡ ಸಂಶೋಧನೆಯ ಶಿಸ್ತನ್ನೇ ರೂಪಿಸಿತು. ಆದರೆ ಹೆಸರೇ ಹೇಳುವಂತೆ ಅದರ ಘಟಕ ಕವಿ. ಮುಂದೆ ನಾಟಕದ ಚರಿತ್ರೆ ಬರೆದವರೂ ಬಹುಮಟ್ಟಿಗೆ ಈ ಮಾದರಿಯನ್ನೇ ಅನುಸರಿಸಿದರು. ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ದಿಂದ ಕನ್ನಡ ನಾಟಕದ ಚರಿತ್ರೆ ಆರಂಭವಾಗುವುದು ವಾಡಿಕೆ. ಶ್ರೀಹರ್ಷನ ‘ರತ್ನಾವಳಿ’ಯನ್ನು ಆಧರಿಸಿದ ಆ ಕೃತಿ ಉಪಲಬ್ಧ ಕನ್ನಡ ನಾಟಕಗಳಲ್ಲಿ ಮೊದಲನೆಯದೆಂಬುದು ನಿಜ. ಆದರೆ ಅದೇ ಕಾಲಕ್ಕೆ ಕರಾವಳಿಯಲ್ಲಿಯೂ ಬಯಲುಸೀಮೆಯಲ್ಲಿಯೂ ಆಡುತ್ತಿದ್ದ ಆಟಗಳು ಈ ಆರಂಭಬಿಂದುವಿನ ಹೊರಗೆ ಉಳಿಯುತ್ತವೆ.

‘ಶಾಕುಂತಲ’ದ ಉದಾಹರಣೆಯಿಂದ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಕೃತಿಯನ್ನು ಘಟಕವಾಗಿಟ್ಟುಕೊಂಡರೆ ಈ ನಾಟಕ ಕಾಳಿದಾಸನದು. ಅನುವಾದಕನನ್ನು ಇಟ್ಟುಕೊಂಡರೆ ಧಾರವಾಡ ಸೀಮೆಯ ಚುರಮುರಿ ಶೇಷಗಿರಿರಾಯರು ಮತ್ತು ಮೈಸೂರಿನ ಬಸವಪ್ಪಶಾಸ್ತ್ರಿಗಳು (1843–1891) ಎಂಬ ಎರಡು ನಮೂದುಗಳು ಹುಟ್ಟುತ್ತವೆ. ಪ್ರಯೋಗವನ್ನು ಇಟ್ಟುಕೊಂಡರೆ ಮಾತ್ರ ಮೈಸೂರಿನ ಚಾಮರಾಜೇಂದ್ರ ಒಡೆಯರ ಆಶ್ರಯದ ಅರಮನೆಯ ನಾಟಕಸಭೆ, ಅದರ ನಟರು, ಮಟ್ಟುಗಳು, ಅನಂತರ ಈ ನಾಟಕವನ್ನು ಕೈಗೆತ್ತಿಕೊಂಡ ವೃತ್ತಿಸಂಸ್ಥೆಗಳು ಒಂದೊಂದಾಗಿ ಗೋಚರಿಸುತ್ತವೆ.

ವೃತ್ತಿರಂಗಭೂಮಿಯ ಪಾಲಿಗಂತೂ ಇದು ಅಳಿವು ಉಳಿವಿನ ಪ್ರಶ್ನೆ. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ, ಎ.ವಿ. ವರದಾಚಾರ್ಯರ ರತ್ನಾವಳಿ ಸಂಸ್ಥೆ, ಉತ್ತರ ಕರ್ನಾಟಕದ ಶಿರಹಟ್ಟಿ, ಕೊಣ್ಣೂರು ಮೊದಲಾದ ಕಂಪನಿಗಳು ಊರಿಂದೂರಿಗೆ ಮೊಕ್ಕಾಂ ಹಾಕಿ ಜನಸಮುದಾಯದ ಅಭಿರುಚಿಯನ್ನು ರೂಪಿಸಿದುವು. ಈ ಸಂಸ್ಥೆಗಳ ಸಾಧನೆ ಅಚ್ಚಾದ ನಾಟಕದಲ್ಲಿಲ್ಲ. ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ (1934) ಜೀವಂತ ಆನೆ ಕುದುರೆಗಳನ್ನು ರಂಗಕ್ಕೆ ತಂದುದಕ್ಕಾಗಿ ಇಂದಿಗೂ ನೆನಪಾಗುತ್ತದೆ. ಪಠ್ಯಕೇಂದ್ರಿತ ನಮೂದಿನಲ್ಲಿ ಆ ಆನೆಗಳಿಗೆ ಜಾಗವಿಲ್ಲ. ಹಾರ್ಮೋನಿಯಂ ಮಾಸ್ತರರು, ಪರದೆ ಬರೆದ ಚಿತ್ರಕಾರರು, ಸ್ತ್ರೀಪಾತ್ರ ವಹಿಸಿದ ಪುರುಷರು, ಅವರ ಅನಂತರ ಬಂದ ನಟಿಯರು, ಇವರೆಲ್ಲ ಕರ್ತೃಪ್ರಧಾನ ಕೋಶಕ್ಕೆ ಹೊರಗಿನವರು.

ಯಕ್ಷಗಾನದ ಸಮಸ್ಯೆ ಬೇರೆ ತೆರನಾದುದು. ಪ್ರಸಂಗಕೃತಿಯಲ್ಲಿರುವುದು ಪದ್ಯ ಮಾತ್ರ. ಅರ್ಥಗಾರಿಕೆ ರಂಗದ ಮೇಲೆಯೇ ಹುಟ್ಟುತ್ತದೆ. ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಗೆ ಕವಿಚರಿತೆಯ ಮಾದರಿಯಲ್ಲಿ ನಮೂದು ಬರೆದರೆ ಅರ್ಧ ನಾಟಕ ಮಾತ್ರ ದಾಖಲಾದಂತೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳು ತಾಳಮದ್ದಳೆಯಲ್ಲಿ ನಿರ್ಮಿಸಿದ ಉಳಿದರ್ಧ ಯಾವ ಕರ್ತೃವಿನ ಹೆಸರಿಗೂ ಸೇರುವುದಿಲ್ಲ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ (1957) ಈ ಕ್ಷೇತ್ರದಲ್ಲಿ ಮಾರ್ಗದರ್ಶಕ ಕೃತಿಯಾಗಿರುವುದು ಪ್ರಸಂಗಗಳ ಜತೆಗೆ ವೇಷ, ಕುಣಿತ, ಹಾಡುಗಾರಿಕೆಗಳನ್ನೂ ಅದು ಶಾಸ್ತ್ರೀಯ ಶೋಧನೆಗೆ ಒಳಪಡಿಸಿದುದರಿಂದ. ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಒಬ್ಬರೇ ರಚಿಸಿದ ಕೋಶಕಾರರೊಬ್ಬರು ಸ್ವತಃ ರಂಗಪ್ರಯೋಗಶೀಲರೂ ಆಗಿದ್ದುದು ಕನ್ನಡದ ಭಾಗ್ಯ. ಎಚ್.ಕೆ. ರಂಗನಾಥರ ಇಂಗ್ಲಿಷ್ ಗ್ರಂಥ ‘ದ ಕರ್ನಾಟಕ್ ಥಿಯೇಟರ್’ (1960) ಜಾನಪದ, ವೃತ್ತಿ, ಹವ್ಯಾಸಿ ರಂಗಭೂಮಿಗಳನ್ನು ಒಂದೇ ಚರಿತ್ರೆಯಾಗಿ ಕಂಡಿತು. ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟಗಳ ‘ಕನ್ನಡ ವಿಶ್ವಕೋಶ’ದಲ್ಲಿಯೂ ರಂಗಭೂಮಿಗೆ ಸಂಬಂಧಿಸಿದ ಬರಹಗಳಿವೆ. ಇವೆಲ್ಲವೂ ಮೌಲಿಕವಾದುವು, ಆದರೆ ಇವು ಪ್ರಯೋಗಗಳ ಸೂಚಿಗಳಲ್ಲ.

ಆಧುನಿಕ ರಂಗಭೂಮಿಯೂ ಈ ಕೊರತೆಯಿಂದ ಮುಕ್ತವಲ್ಲ. 1972ರಲ್ಲಿ ಬೆಂಗಳೂರಿನ ಬಯಲುರಂಗದಲ್ಲಿ ಬಿ.ವಿ. ಕಾರಂತರು ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’, ಪಿ. ಲಂಕೇಶರ ‘ಸಂಕ್ರಾಂತಿ’, ಲಂಕೇಶರೇ ಅನುವಾದಿಸಿದ ‘ಈಡಿಪಸ್’ಗಳನ್ನು ನಿರ್ದೇಶಿಸಿದುದು ಕನ್ನಡ ರಂಗಭೂಮಿಯ ತಿರುವೆಂದು ಎಲ್ಲರೂ ಒಪ್ಪುತ್ತಾರೆ. ಕರ್ತೃಪ್ರಧಾನ ಕೋಶದಲ್ಲಿ ಈ ಒಂದು ಘಟನೆ ಮೂರು ಕಡೆ ಚದುರುತ್ತದೆ: ಒಂದು ಭಾಗ ಕಂಬಾರರಿಗೆ, ಒಂದು ಲಂಕೇಶರಿಗೆ, ಮತ್ತೊಂದು ಸೊಫೋಕ್ಲಿಸನಿಗೆ. ಮೂರನ್ನೂ ಬೆಸೆದ ರಂಗಸಂಗೀತ, ಗುಂಪಿನ ಚಲನೆ, ಬಯಲಿನ ಬಳಕೆ ಇವಾವುವೂ ಪ್ರಯೋಗದ ನಮೂದಿಲ್ಲದೆ ಒಟ್ಟಾಗಿ ಕಾಣುವುದಿಲ್ಲ. ಕನ್ನಡದ ಹೊರಗಿನ ಓದುಗನಿಗೆ ಕನ್ನಡ ನಾಟಕದ ಪರಿಚಯವಾಗುವುದು ಮುಖ್ಯವಾಗಿ ಇಂಗ್ಲಿಷಿಗೆ ಅನುವಾದಗೊಂಡ ಪಠ್ಯದ ಮೂಲಕ. ಗಿರೀಶ ಕಾರ್ನಾಡರ ‘ತುಘಲಕ್’ 1972ರಲ್ಲಿ, ‘ಹಯವದನ’ 1975ರಲ್ಲಿ ಅವರದೇ ಇಂಗ್ಲಿಷ್ ರೂಪದಲ್ಲಿ ಪ್ರಕಟವಾಗಿ ವಿಶ್ವದ ಗ್ರಂಥಾಲಯಗಳನ್ನು ಸೇರಿದುವು. ಅದು ಅರ್ಹವಾದ ಮನ್ನಣೆಯೇ. ಆದರೆ ಪಠ್ಯ ದೇಶಾಂತರ ಹೋಗಬಲ್ಲುದು, ಪ್ರಯೋಗ ಹಾಗೆ ಹೋಗಲಾರದು. ಅದರ ದಾಖಲೆ ಮಾತ್ರ ಹೋಗಬಲ್ಲುದು.

7. ಮುಂದಿನ ಕೋಶದ ಸ್ವರೂಪ

ಈ ಹಿನ್ನೆಲೆಯಲ್ಲಿ ಕನ್ನಡಕ್ಕೆ ಬೇಕಾದುದು ನಾಟಕಕಾರರ ಇನ್ನೊಂದು ಚರಿತ್ರಕೋಶವಲ್ಲ, ಪ್ರಯೋಗವನ್ನು ಮೂಲಘಟಕವಾಗಿಟ್ಟುಕೊಂಡ ಸೂಚಿ. ಸ್ಥಳ, ದಿನಾಂಕ, ತಂಡ, ನಿರ್ದೇಶಕ ಅಥವಾ ಭಾಗವತ, ಪಾತ್ರವರ್ಗ, ಸಂಗೀತ, ಬಳಸಿದ ಪಠ್ಯದ ರೂಪ, ಏರ್ಪಡಿಸಿದವರು ಮತ್ತು ಈ ಮಾಹಿತಿಗೆ ಆಧಾರ ಎಂಬಷ್ಟು ಅಂಶಗಳು ಪ್ರತಿ ನಮೂದಿನಲ್ಲಿಯೂ ಇರಬೇಕು. ಕರ್ತೃ, ಕೃತಿ, ಕಲಾವಿದರ ಸೂಚಿಗಳು ಇದರಿಂದ ತಾವಾಗಿಯೇ ಹೊರಡುತ್ತವೆ. ಕರ್ತೃಸೂಚಿಯಿಂದ ಪ್ರಯೋಗಸೂಚಿ ಹೊರಡುವುದಿಲ್ಲ. ಇದು ಅಸಾಧ್ಯವಾದ ಆದರ್ಶವಲ್ಲ. ಆಸ್ಟ್ರೇಲಿಯಾದ ‘ಆಸ್‌ಸ್ಟೇಜ್’ ಎಂಬ ಗಣಕೀಕೃತ ದತ್ತಕೋಶ ಪ್ರದರ್ಶನವನ್ನೇ ಘಟಕವಾಗಿ ಇಟ್ಟುಕೊಂಡಿದೆ. ಅದೇ ಮಾದರಿಯಲ್ಲಿ ಆಸ್ಲೋ ವಿಶ್ವವಿದ್ಯಾಲಯ ರೂಪಿಸಿದ ‘ಇಬ್ಸೆನ್‌ಸ್ಟೇಜ್’ ಜಗತ್ತಿನಾದ್ಯಂತ ನಡೆದ ಇಬ್ಸೆನ್ ನಾಟಕಗಳ ಪ್ರಯೋಗಗಳನ್ನು ದಾಖಲಿಸುತ್ತ ಬಂದಿದೆ. ಒಬ್ಬ ಲೇಖಕನ ನಾಟಕಗಳು ಲೇಖಕನಿಲ್ಲದೆಡೆ ಹೇಗೆ ಬಾಳಿದುವೆಂಬುದನ್ನು ಅದು ತೋರಿಸುತ್ತದೆ.

ಇದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು. ದಾಖಲೆಯುಳ್ಳ ಪ್ರಯೋಗ ಮಾತ್ರ ಸೂಚಿಗೆ ಬರುವುದರಿಂದ ಪತ್ರಿಕೆಗಳು ಗಮನಿಸಿದ ನಗರದ ರಂಗಭೂಮಿಯೇ ಮತ್ತೆ ಮೇಲುಗೈ ಪಡೆಯುವುದಿಲ್ಲವೆ? ಈ ಆಕ್ಷೇಪ ಸಾಧುವಾದುದು. ಪರಿಹಾರವಿರುವುದು ಆಕರಗಳನ್ನು ಹುಡುಕುವ ಜಾಗಗಳನ್ನು ವಿಸ್ತರಿಸುವುದರಲ್ಲಿ. ಇಂಗ್ಲೆಂಡಿನಲ್ಲಿ 1737ರ ಕಾಯಿದೆಯಂತೆ ಅನುಮತಿಗಾಗಿ ಒಪ್ಪಿಸಬೇಕಾಗಿದ್ದ ನಾಟಕಪ್ರತಿಗಳು, ಸೆನ್ಸಾರ್ ಅಧಿಕಾರಿಯ ಕಪಾಟಿನಲ್ಲಿದ್ದ ಕಾರಣದಿಂದಲೇ ಉಳಿದು, ಮುಂದೆ ರಂಗಚರಿತ್ರೆಯ ಅಮೂಲ್ಯ ಆಕರವಾದುವು. ಭಾರತದಲ್ಲಿಯೂ 1876ರ ನಾಟಕ ಪ್ರದರ್ಶನ ಕಾಯಿದೆಯ ಕಾಲದ ಸರ್ಕಾರಿ ಕಡತಗಳನ್ನು ಈ ದೃಷ್ಟಿಯಿಂದ ಶೋಧಿಸಬೇಕು. ಕರಾವಳಿಯ ಮೇಳಗಳು ಪತ್ತನಾಜೆಯವರೆಗೆ ನಡೆಸುವ ತಿರುಗಾಟದ ಲೆಕ್ಕಪುಸ್ತಕಗಳು, ಕಟೀಲು, ಮಂದಾರ್ತಿಗಳಂಥ ಕ್ಷೇತ್ರಗಳಿಗೆ ಸಂದ ಹರಕೆ ಆಟಗಳ ವಿವರಗಳು, ಕಂಪನಿಗಳ ಹ್ಯಾಂಡ್‌ಬಿಲ್ಲುಗಳು, ಕೈಬರಹದ ಪ್ರತಿಗಳು, ಗ್ರಾಮಫೋನ್ ತಟ್ಟೆಗಳು ಇವೆಲ್ಲ ಆಕರಗಳೇ. ಗುಬ್ಬಿ ವೀರಣ್ಣನವರ ‘ಕಲೆಯೇ ಕಾಯಕ’, ಬಿ.ವಿ. ಕಾರಂತರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಗಳಂಥ ಆತ್ಮಕಥನಗಳೂ ಉಪಯುಕ್ತ. ಆದರೆ ನೆನಪು ಇಸವಿಯನ್ನು ತಪ್ಪುವುದುಂಟು. ಆತ್ಮಕಥನದ ಹೇಳಿಕೆಯನ್ನು ಸಮಕಾಲೀನ ದಾಖಲೆಯೊಂದಿಗೆ ತಾಳೆ ನೋಡದೆ ಕೋಶಕ್ಕೆ ಏರಿಸಬಾರದು.

ಈ ಕೆಲಸಕ್ಕೆ ಕಾಲಮಿತಿಯೂ ಇದೆ. ಅಚ್ಚಾದ ನಾಟಕ ಇನ್ನೂ ನೂರು ವರ್ಷ ಕಪಾಟಿನಲ್ಲಿ ಕಾಯಬಲ್ಲುದು. ಮಡಿಕೆ ಬಿದ್ದ ಹ್ಯಾಂಡ್‌ಬಿಲ್ಲು, ಗೆದ್ದಲು ಹಿಡಿದ ಕಂಪನಿಯ ಪ್ರತಿ, ವೃದ್ಧ ಕಲಾವಿದರ ಸ್ಮರಣೆ ಕಾಯಲಾರವು. ಸಂಗ್ರಹವಿಲ್ಲದೆ ಸೂಚಿಯಿಲ್ಲ, ಸೂಚಿಯಿಲ್ಲದೆ ಕೋಶವಿಲ್ಲ ಎಂಬುದನ್ನು ವಸೇದಾದ ಅನುಭವ ತೋರಿಸಿದೆ. ಯುವಾನ್ ಯುಗದ ಕಲಾವಿದೆಯರ ಹೆಸರುಗಳು ಉಳಿದಿರುವುದು ಅವರ ಸಮಕಾಲೀನನೊಬ್ಬ ಅವರನ್ನು ಬರೆದಿಟ್ಟುದರಿಂದ. ಕನ್ನಡದ ನಟನಟಿಯರಿಗೂ ಮೇಳಗಳಿಗೂ ಅಂಥ ಲೇಖಕರು ಬೇಕಾಗಿದ್ದಾರೆ. ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಮತ್ತು ಗ್ರಂಥಾಲಯಗಳು ಕೂಡಿ ಕೈಗೊಳ್ಳಬೇಕಾದ ಮೊದಲ ಕಾರ್ಯ ಜಿಲ್ಲಾವಾರು ಪ್ರಯೋಗಸೂಚಿಗಳ ಸಂಕಲನ. ವಿಶ್ವರಂಗಭೂಮಿಯ ಮುಂದಿನ ಕೋಶಗಳಲ್ಲಿ ಕನ್ನಡಕ್ಕೆ ಯಾವ ಸ್ಥಾನ ದೊರೆಯುತ್ತದೆ ಎಂಬುದು ಆ ಸಂಪಾದಕರ ಔದಾರ್ಯಕ್ಕಿಂತ ಹೆಚ್ಚಾಗಿ ಈ ಕಾರ್ಯವನ್ನೇ ಅವಲಂಬಿಸಿದೆ.